‘ಪಿಂಕ್ ಮೂನ್’ ಕೇಳುವಾಗ ನಿಕ್ ಡ್ರೇಕ್ ಪಕ್ಕದಲ್ಲೇ ಕುಳಿತಂತೆ ಅನಿಸುವುದು ಏಕೆ?

ಇರುಳಕೇಳುಗ:

ಇಂಗ್ಲೆಂಡಿನ ಗಾಯಕ, ಗಿಟಾರ್ ವಾದಕ ನಿಕ್ ಡ್ರೇಕ್ ಅವರ ‘ಪಿಂಕ್ ಮೂನ್’ ಆಲ್ಬಮನ್ನು ಹಲವು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಹನ್ನೊಂದು ಹಾಡು, ಎಲ್ಲ ಸೇರಿ ಸುಮಾರು 28 ನಿಮಿಷ. ಒಂದು ಕಂಠ, ಒಂದು ಅಕೌಸ್ಟಿಕ್ ಗಿಟಾರ್, ಮೊದಲ ಹಾಡಿನ ನಡುವೆ ಮಾತ್ರ ಪಿಯಾನೊದ ಕೆಲವು ಸ್ವರಗಳು. ಗಿಟಾರ್ ಹಿಡಿದು ಒಬ್ಬರೇ ಹಾಡಿದ ಆಲ್ಬಂಗಳು ನನ್ನ ಸಂಗ್ರಹದಲ್ಲಿ ಬೇಕಾದಷ್ಟಿವೆ. ಆದರೆ ಅವುಗಳಲ್ಲಿ ಹಾಡುವವರು ಎದುರಿನ ವೇದಿಕೆಯ ಮೇಲೆ ಇರುತ್ತಾರೆ. ಇಲ್ಲಿ ಮಾತ್ರ ನನ್ನದೇ ಕೋಣೆಯಲ್ಲಿ, ನಾನಿರುವುದನ್ನೂ ಮರೆತು, ತಮ್ಮ ಪಾಡಿಗೆ ಹಾಡಿಕೊಳ್ಳುತ್ತಿದ್ದಾರೆ ಅನಿಸುತ್ತದೆ.

ಇದನ್ನು ಹೇಳಿದರೆ ನನ್ನ ಗೆಳೆಯರೊಬ್ಬರು ಒಪ್ಪುವುದಿಲ್ಲ. ‘ಅವರು 1974ರಲ್ಲಿ, ಬರೀ 26ನೆಯ ವಯಸ್ಸಿನಲ್ಲಿ ತೀರಿಕೊಂಡರು ಎಂಬುದು ನಿಮಗೆ ಗೊತ್ತಿದೆ, ಆ ದುಃಖವನ್ನು ನೀವೇ ಹಾಡಿನೊಳಗೆ ತುಂಬಿಕೊಂಡು ಕೇಳುತ್ತಿದ್ದೀರಿ’ ಎನ್ನುತ್ತಾರೆ. ಅವರ ಮಾತನ್ನು ತಳ್ಳಿಹಾಕಲು ನನಗೆ ಆಗುತ್ತಿಲ್ಲ. ಈ ಆಪ್ತತೆ ಧ್ವನಿಮುದ್ರಣದಲ್ಲೇ ಇದೆಯೇ, ಅಥವಾ ಕೇಳುವ ನಮ್ಮಲ್ಲಿದೆಯೇ? ಗಿಟಾರ್ ನುಡಿಸುವವರು ತಿಳಿಸಿದರೆ ಇನ್ನೂ ಒಳ್ಳೆಯದು.

ಸಡಿಲತಂತಿ:

ಧ್ವನಿಮುದ್ರಣದಲ್ಲೇ ಇದೆ, ಅದರಲ್ಲೂ ಶ್ರುತಿಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಗಿಟಾರಿನ ಆರು ತಂತಿಗಳನ್ನು ಸಾಮಾನ್ಯವಾಗಿ ಇ, ಎ, ಡಿ, ಜಿ, ಬಿ, ಇ ಎಂದು ಶ್ರುತಿ ಮಾಡುತ್ತಾರೆ. ‘ಪಿಂಕ್ ಮೂನ್’ ಹಾಡನ್ನು ನುಡಿಸಬೇಕೆಂದರೆ ಅವನ್ನು ಸಿ, ಜಿ, ಸಿ, ಎಫ್, ಸಿ, ಇ ಎಂದು ಬದಲಾಯಿಸಿ, ಎರಡನೆಯ ಮೆಟ್ಟಿಲಿನಲ್ಲಿ (ಫ್ರೆಟ್) ಕ್ಯಾಪೊ, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಪಟ್ಟಿ, ಕಟ್ಟಬೇಕು. ಸಿ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡರೆ ಬಿಟ್ಟ ತಂತಿಗಳು ನುಡಿಯುವುದು ಸ, ಪ, ಸ, ಮ, ಸ, ಗ ಎಂದು. ಆರರಲ್ಲಿ ಮೂರು ತಂತಿ ಷಡ್ಜವೇ! ಎಡಗೈ ಯಾವ ಸ್ವರವನ್ನು ಹುಡುಕಿಕೊಂಡು ಹೋದರೂ ಉಳಿದ ತಂತಿಗಳು ಹಿಂದೆ ನಿಂತು ಶ್ರುತಿ ಹಿಡಿದಿರುತ್ತವೆ. ಹಾಗಾಗಿ ಹಾಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತಿದೆ ಅನಿಸುವುದಕ್ಕಿಂತ, ಇದ್ದಲ್ಲೇ ಇದ್ದು ಬೆಳಗುತ್ತಿದೆ ಅನಿಸುತ್ತದೆ.

ಇನ್ನೊಂದು ವಿಷಯ, ಅತಿ ಕೆಳಗಿನ ತಂತಿಯದು. ಅದನ್ನು ನಾಲ್ಕು ಅರ್ಧಸ್ವರ ಇಳಿಸಿರುವುದರಿಂದ ಅದು ಸಡಿಲವಾಗಿರುತ್ತದೆ. ಹೆಬ್ಬೆರಳಿನಿಂದ ಸ್ವಲ್ಪ ಜೋರಾಗಿ ಮೀಟಿದರೂ ಸಾಕು, ತಂತಿ ಮೆಟ್ಟಿಲಿಗೆ ತಾಗಿ ಜಿರ್ರೆನ್ನುತ್ತದೆ; ಮೆತ್ತಗೆ ಮೀಟಿದರೆ ಸ್ವರ ಎದ್ದು ಬರುವುದೇ ಇಲ್ಲ. ನಾನು ಎರಡು ತಿಂಗಳು ಒದ್ದಾಡಿದರೂ ಆ ಹಾಡನ್ನು ಕೊನೆಯವರೆಗೆ ಒಂದೇ ಹದದಲ್ಲಿ ನುಡಿಸಲಾಗಲಿಲ್ಲ. ಡ್ರೇಕ್ ಅವರ ಹೆಬ್ಬೆರಳು ಹಾಡಿನುದ್ದಕ್ಕೂ ಹದ ತಪ್ಪುವುದಿಲ್ಲ, ಅದರ ಮೇಲೆ ಕಂಠವಾದರೋ ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ, ಆರಾಮವಾಗಿ ಬರುತ್ತದೆ. ಕೈ ಅಷ್ಟು ಕಟ್ಟುನಿಟ್ಟಾಗಿರುವುದರಿಂದಲೇ ಕಂಠಕ್ಕೆ ಮಾತಿನ ಸಲಿಗೆ ಸಿಕ್ಕಿದೆ. ಇದು ದುಃಖದಿಂದ ಬರುವಂಥದ್ದಲ್ಲ, ವರ್ಷಗಟ್ಟಲೆಯ ಅಭ್ಯಾಸದಿಂದ ಬರುವಂಥದ್ದು.

ಹಳೆಯತಟ್ಟೆ:

ಸಡಿಲತಂತಿಯವರ ಮಾತಿಗೆ ಮುದ್ರಣದ ಹಿನ್ನೆಲೆಯನ್ನೂ ಸೇರಿಸುತ್ತೇನೆ. ಡ್ರೇಕ್ ಅವರ ಮೊದಲ ಎರಡು ಆಲ್ಬಂಗಳಾದ 1969ರ ‘ಫೈವ್ ಲೀವ್ಸ್ ಲೆಫ್ಟ್’ ಮತ್ತು 1971ರ ‘ಬ್ರೈಟರ್ ಲೇಟರ್’ ಎರಡನ್ನೂ ಜೋ ಬಾಯ್ಡ್ ನಿರ್ಮಿಸಿದ್ದರು. ಮೊದಲನೆಯದರಲ್ಲಿ ರಾಬರ್ಟ್ ಕರ್ಬಿ ಅವರು ಸಂಯೋಜಿಸಿದ ಪಿಟೀಲು ವೃಂದವಿತ್ತು, ಎರಡನೆಯದರಲ್ಲಿ ಡ್ರಮ್ಸ್, ಬೇಸ್, ಸ್ಯಾಕ್ಸೊಫೋನ್‌ಗಳೂ ಇದ್ದವು. ಎರಡೂ ಮಾರಾಟವಾಗಲಿಲ್ಲ. ಮೂರನೆಯದರ ಹೊತ್ತಿಗೆ ಬಾಯ್ಡ್ ಅಮೆರಿಕಕ್ಕೆ ಹೋಗಿಯಾಗಿತ್ತು. 1971ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಚೆಲ್ಸಿಯಲ್ಲಿದ್ದ ಸೌಂಡ್ ಟೆಕ್ನಿಕ್ಸ್ ಸ್ಟುಡಿಯೊದಲ್ಲಿ, ಹಗಲಿನವರ ಕೆಲಸ ಮುಗಿದ ಮೇಲೆ, ಎರಡೇ ರಾತ್ರಿಗಳಲ್ಲಿ ಈ ಆಲ್ಬಂ ಮುಗಿಯಿತು. ಒಳಗಿದ್ದವರು ಇಬ್ಬರೇ: ಡ್ರೇಕ್ ಮತ್ತು ಎಂಜಿನಿಯರ್ ಜಾನ್ ವುಡ್. ಪಿಯಾನೊ ನುಡಿಸಿದವರೂ ಡ್ರೇಕ್ ಅವರೇ. ಯಾರನ್ನೂ ಮೆಚ್ಚಿಸಬೇಕಾಗಿಲ್ಲದ ಕೋಣೆಯದು, ಕೇಳುವ ನಮಗೆ ಸಿಕ್ಕಿರುವುದು ಆ ಕೋಣೆಯಲ್ಲಿ ಮೂರನೆಯವರ ಜಾಗ.

ಒಂದು ಸಲಹೆ. ಇದನ್ನು ಜೋರಾಗಿ ಇಟ್ಟು ಕೇಳಬೇಡಿ. ಡ್ರೇಕ್ ಮೆಲುದನಿಯಲ್ಲಿ ಹಾಡಿದ್ದಾರೆ. ಧ್ವನಿಯನ್ನು ಏರಿಸಿದರೆ ಆ ಮೆಲುದನಿ ಗೋಡೆಯಷ್ಟು ದೊಡ್ಡದಾಗುತ್ತದೆ, ಮನುಷ್ಯ ದೂರ ಹೋಗುತ್ತಾನೆ. ಪಕ್ಕದಲ್ಲಿ ಕುಳಿತವರು ತಗ್ಗಿದ ದನಿಯಲ್ಲಿ ಹಾಡಿದರೆ ಎಷ್ಟು ಕೇಳಿಸುತ್ತದೋ ಅಷ್ಟಕ್ಕೇ ಇಡಿ. ಮಗು ಮಲಗಿದ್ದ ಕೋಣೆಯಲ್ಲಿ ಬೇರೆ ದಾರಿಯಿಲ್ಲದೆ ಹಾಗೆ ಕೇಳಿದಾಗಲೇ ನನಗೆ ಇದು ಗೊತ್ತಾದದ್ದು.

ಐದನೆಯಮಾತ್ರೆ:

ನಾನು ಸ್ವಲ್ಪ ಅಪಸ್ವರ ತೆಗೆಯುತ್ತೇನೆ, ಕ್ಷಮಿಸಿ. ಆಲ್ಬಂ ಸುಂದರವಾಗಿದೆ, ಆದರೆ ಬರಿದಾಗಿರುವುದೆಲ್ಲ ಆಪ್ತ, ವಾದ್ಯಗಳು ಸೇರಿದ್ದೆಲ್ಲ ಅಲಂಕಾರ ಎಂಬ ನಂಬಿಕೆ ಈ ಆಲ್ಬಮಿನ ಅಭಿಮಾನಿಗಳಲ್ಲಿ ಬೇರೂರಿಬಿಟ್ಟಿದೆ. ಮೊದಲ ಆಲ್ಬಮಿನ ‘ರಿವರ್ ಮ್ಯಾನ್’ ಕೇಳಿ: ಐದು ಮಾತ್ರೆಗಳ ಆವರ್ತ, ಹ್ಯಾರಿ ರಾಬಿನ್ಸನ್ ಅವರ ಪಿಟೀಲು ಸಂಯೋಜನೆ, ಆದರೂ ಕಂಠ ಅಷ್ಟೇ ಹತ್ತಿರದಲ್ಲಿದೆ. ‘ಪಿಂಕ್ ಮೂನ್’ನಲ್ಲಿ ‘ಹಾರ್ನ್’ ಎಂಬುದು ಒಂದೂವರೆ ನಿಮಿಷವೂ ಇಲ್ಲದ ಬರೀ ಗಿಟಾರ್ ತುಣುಕು; ಅದನ್ನು ಧ್ಯಾನವೆಂದು ಕೊಂಡಾಡುವವರಿದ್ದಾರೆ, ನನಗೆ ಅದು ಅರ್ಧಕ್ಕೆ ಬಿಟ್ಟ ಯೋಚನೆಯಂತೆ ಕೇಳಿಸುತ್ತದೆ.

ನಿಮ್ಮ ಗೆಳೆಯರ ವಾದದಲ್ಲೂ ಅರ್ಧ ಸತ್ಯವಿದೆ. ಈ ಆಲ್ಬಂ 1972ರ ಫೆಬ್ರವರಿಯಲ್ಲಿ ಬಂದಾಗ ಇದೇ ದನಿ, ಇದೇ ಗಿಟಾರ್ ಇದ್ದರೂ ಕೊಂಡವರು ಕೆಲವರೇ. 1999ರಲ್ಲಿ ಫೋಕ್ಸ್‌ವ್ಯಾಗನ್ ಕಾರಿನ ಜಾಹೀರಾತಿನಲ್ಲಿ ಶೀರ್ಷಿಕೆ ಗೀತೆ ಬಂದ ಮೇಲೆ ಮಾರಾಟ ಹಲವು ಪಟ್ಟು ಏರಿತು. ಹಾಗೆ ಬಂದವರಲ್ಲಿ ನಾನೂ ಒಬ್ಬ. ಆದರೆ ಅಂದು ಟಿವಿಯ ಎದುರು ಕುಳಿತಿದ್ದ ನನಗೆ ಹಾಡಿದವರ ಹೆಸರೇ ಗೊತ್ತಿರಲಿಲ್ಲ, ಅವರು ಇಲ್ಲವಾದದ್ದು ಎಲ್ಲಿಂದ ಗೊತ್ತಿರಬೇಕು? ಆದರೂ ಕೈಯಲ್ಲಿದ್ದ ಕೆಲಸ ನಿಂತಿತು. ಇದನ್ನು ನಿಮ್ಮ ಗೆಳೆಯರಿಗೆ ಹೇಳಿ.

ಹಳೆಯತಟ್ಟೆ:

‘ಹಾರ್ನ್’ ಬಗ್ಗೆ ಜಗಳಕ್ಕೆ ಬರುವುದಿಲ್ಲ. ಆದರೆ ಈ ಆಲ್ಬಮನ್ನು ವಿದಾಯದ ಪತ್ರದಂತೆ ಓದುವವರಿಗೆ ಒಂದು ಮಾತು ಹೇಳಬೇಕು. ಡ್ರೇಕ್ ಖಿನ್ನತೆಯಿಂದ ಬಳಲುತ್ತಿದ್ದುದು ನಿಜ, ಔಷಧಿಯ ಅತಿಸೇವನೆಯಿಂದ ತೀರಿಕೊಂಡದ್ದೂ ನಿಜ. ಆದರೆ ಅದು ಈ ಮುದ್ರಣವಾಗಿ ಮೂರು ವರ್ಷಗಳ ಮೇಲೆ, 1974ರ ನವೆಂಬರ್‌ನಲ್ಲಿ. ಅದೇ ವರ್ಷ ಅವರು ಮತ್ತೆ ಸ್ಟುಡಿಯೊಗೆ ಬಂದು ಹೊಸ ಹಾಡುಗಳನ್ನು ಮುದ್ರಿಸಿದ್ದರು. ಮೇಲಾಗಿ ‘ಪಿಂಕ್ ಮೂನ್’ ಮುಗಿಯುವುದು ‘ಫ್ರಮ್ ದ ಮಾರ್ನಿಂಗ್’ ಎಂಬ, ಬೆಳಗನ್ನು ಕುರಿತ, ಚುರುಕು ನಡೆಯ ಹಾಡಿನಿಂದ. ಟ್ಯಾನ್‌ವರ್ತ್-ಇನ್-ಆರ್ಡನ್ ಊರಿನಲ್ಲಿರುವ ಅವರ ಸಮಾಧಿಯ ಕಲ್ಲಿನ ಮೇಲೆ ಕೆತ್ತಿರುವುದೂ ಆ ಹಾಡಿನದೇ ಸಾಲು.

ಇರುಳಕೇಳುಗ:

ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಹಳೆಯತಟ್ಟೆಯವರು ಹೇಳಿದಂತೆ ಧ್ವನಿಯನ್ನು ತೀರ ತಗ್ಗಿಸಿ ಕೇಳಿದೆ. ಗೆಳೆಯರನ್ನೂ ಕರೆದಿದ್ದೆ. ಅವರು ಮಾತಾಡುತ್ತಲೇ ಬಂದು ಕುಳಿತರು; ಎರಡನೆಯ ಹಾಡಿನ ಹೊತ್ತಿಗೆ ಮಾತು ನಿಂತಿತ್ತು, ಕೇಳಿಸುತ್ತಿಲ್ಲವೆಂದು ಕುರ್ಚಿಯನ್ನು ಸ್ಪೀಕರಿನ ಹತ್ತಿರಕ್ಕೆ ಎಳೆದುಕೊಂಡಿದ್ದರು. ಅಭಿಪ್ರಾಯ ಬದಲಾಯಿತೇ ಎಂದು ನಾನು ಕೇಳಲಿಲ್ಲ. ಮುಗಿದ ಮೇಲೆ ಅವರು ಕೇಳಿದ್ದು ಒಂದೇ: ‘ಆ ಪಿಯಾನೊ ಮತ್ತೆ ಬರಲೇ ಇಲ್ಲವಲ್ಲ?’