ದಶಮಾನವೋ, ದಶಮಾಂಶವೋ?

ಎಲ್ಲರಿಗೂ ನಮಸ್ಕಾರ.

ಭಾನುವಾರ ನಮ್ಮ ಬೀದಿಯ ಹೈಸ್ಕೂಲ್ ಮಕ್ಕಳಿಗೆ ಬೇಸಿಕ್ ಎಂಬ ಕಂಪ್ಯೂಟರ್ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುತ್ತೇನೆ. ಮೊನ್ನೆ ಬೋರ್ಡಿನ ಮೇಲೆ ‘ದಶಮಾಂಶ ಸಂಖ್ಯೆಯನ್ನು ಬೈನರಿಗೆ ಬದಲಿಸಿ’ ಎಂದು ಬರೆದೆ. ಬೈನರಿ ಅಂದರೆ 0, 1 ಎರಡೇ ಅಂಕಿಗಳಲ್ಲಿ ಬರೆಯುವ ಎರಡರ ಲೆಕ್ಕ. ನನ್ನ ಮನಸ್ಸಿನಲ್ಲಿದ್ದದ್ದು 13ರಂಥ ಸಂಖ್ಯೆ. ಎರಡರಿಂದ ಭಾಗಿಸುತ್ತಾ ಹೋದರೆ ಶೇಷ 1, 0, 1, 1. ಕೆಳಗಿನಿಂದ ಮೇಲಕ್ಕೆ ಓದಿದರೆ 1101. ಬೇಸಿಕ್‌ನ ಒಂದು ರೂಪವಾದ ಜಿಡಬ್ಲ್ಯೂ-ಬೇಸಿಕ್‌ನಲ್ಲಿ ಸಂಖ್ಯೆಯನ್ನು ಹದಿನಾರರ ಲೆಕ್ಕಕ್ಕೆ, ಎಂಟರ ಲೆಕ್ಕಕ್ಕೆ ಬದಲಿಸಲು ಸಿದ್ಧ ಫಂಕ್ಷನ್ ಇದೆ, ಎರಡರದ್ದಕ್ಕೆ ಇಲ್ಲ. ಅದಕ್ಕೇ ಆ ಪ್ರೋಗ್ರಾಂ ಮಕ್ಕಳ ಕೈಯಲ್ಲೇ ಬರೆಸುತ್ತೇನೆ.

ಒಬ್ಬ ಹುಡುಗಿ 13.7 ಕೊಟ್ಟಳು. ಉತ್ತರ 1110 ಬಂತು. ಅದು 14! ಬೇಸಿಕ್‌ನ ‘ಮಾಡ್’ (ಶೇಷ ಕೊಡುವುದು) ಮತ್ತು ‘\’ (ಭಾಗಲಬ್ಧದ ಪೂರ್ಣ ಭಾಗ ಕೊಡುವುದು) ಎರಡೂ ಭಾಗಿಸುವ ಮೊದಲೇ ಸಂಖ್ಯೆಯನ್ನು ಹತ್ತಿರದ ಪೂರ್ಣಾಂಕಕ್ಕೆ ತಂದುಬಿಡುತ್ತವೆ, ಎರರ್ ಕೂಡ ತೋರಿಸುವುದಿಲ್ಲ. ‘ಪಾಯಿಂಟ್ ಯಾಕೆ ಹಾಕ್ದೆ?’ ಅಂದೆ. ‘ದಶಮಾಂಶ ಅಂದ್ರೆ ಪಾಯಿಂಟ್ ಇರೋದೇ ಅಲ್ವಾ ಸರ್?’ ಅಂದಳು. ಅವಳು ಹೇಳಿದ್ದು ಸರಿ. ತಪ್ಪು ನನ್ನ ಪದದ್ದು.

ಮನೆಗೆ ಬಂದು ಪದ ಬಿಡಿಸಿ ನೋಡಿದೆ. ದಶಮ + ಅಂಶ = ದಶಮಾಂಶ, ಅಂದರೆ ಹತ್ತನೆಯ ಒಂದು ಪಾಲು. ಪಾಯಿಂಟ್ ಆದಮೇಲಿನ ಅಂಕಿಗೆ ಒಪ್ಪುವ ಹೆಸರು. ಹತ್ತರ ಲೆಕ್ಕಕ್ಕೆ ಬೇಕಾದದ್ದು ದಶ + ಮಾನ, ದಶಮಾನ. ಅದರ ಜೋಡಿಯಾಗಿ ಬೈನರಿಗೆ ದ್ವಿಮಾನ. ಕೆಲವರು ‘ದ್ವಿಮಾಂಶ’ ಎಂದು ಬರೆಯುತ್ತಾರೆ. ದಶಮ ಇದ್ದ ಹಾಗೆ ‘ದ್ವಿಮ’ ಎಂಬ ಪದವೇ ಇಲ್ಲ, ಹಾಗಾಗಿ ಅದು ಕಟ್ಟಿದ ರೀತಿಯೇ ತಪ್ಪು ಅನ್ನಿಸುತ್ತದೆ.

ದಶಮಾನಕ್ಕೂ ಒಂದು ತೊಡಕಿದೆ. ಸಂಘದ ದಶಮಾನೋತ್ಸವ ಅಂದಾಗ ಅದೇ ಪದ ಹತ್ತು ವರ್ಷ ಆಗುತ್ತದೆ. ಮೀಟರ್, ಕಿಲೋಗ್ರಾಂ ಅಳತೆಗೂ ದಶಮಾನ ಪದ್ಧತಿ ಎನ್ನುವುದುಂಟು. ಆದರೂ 13 ಮತ್ತು 13.7ರ ಗೊಂದಲದಷ್ಟು ಅದು ಕಾಡುವುದಿಲ್ಲ.

ಬೈನರಿಗೆ ಅಚ್ಚಗನ್ನಡದಲ್ಲಿ ‘ಎರಡಂಕಿ ಸಂಖ್ಯೆ’ ಎನ್ನೋಣ ಅಂದುಕೊಂಡೆ. ಅದು ಆಗಲೇ 10ರಿಂದ 99ರವರೆಗಿನ ಸಂಖ್ಯೆಗಳ ಹೆಸರು. ‘ಹತ್ತರ ಎಣಿಕೆ’, ‘ಎರಡರ ಎಣಿಕೆ’ ಎಂದು ಹೇಳಿ ನೋಡಿದೆ, ಮಕ್ಕಳಿಗೆ ಥಟ್ಟನೆ ಹಿಡಿಸಿತು. ಆದರೆ ‘ಎರಡರ ಎಣಿಕೆಗೆ ಬದಲಿಸು’ ಅಂದರೆ 2, 4, 6 ಎಂದು ಎಣಿಸುವುದು ಎಂದುಕೊಂಡಾರೋ ಎಂಬ ಅಳುಕಿದೆ.

ಕನ್ನಡ ಮಾಧ್ಯಮದಲ್ಲಿ ಗಣಿತ ಹೇಳಿಕೊಡುವವರು ಇದ್ದರೆ ದಯವಿಟ್ಟು ತಿಳಿಸಿ. ಪಾಠ ಮಾಡುವಾಗ ನಿಮ್ಮ ಬಾಯಲ್ಲಿ ಬರುವ ಪದ ಯಾವುದು? ಹಾಗೇ ‘ಶೇಷ’ಕ್ಕೆ ‘ಉಳಿಕೆ’ ಎಂದು ಯಾರಾದರೂ ಬಳಸುತ್ತೀರಾ?