ಪಕ್ಕದಲ್ಲಿ ಲಾರಿ ಬಂದಾಗ ಎಕ್ಸಲೇಟರ್ ಬಿಡಬೇಕಾ? ಹೈವೇ ಲೇನ್ ಬಗ್ಗೆ ನಾಲ್ಕು ಪ್ರಶ್ನೆ

ವ್ಯಾನ್_ಸಾರಥಿ:

ನಮಸ್ಕಾರ. ನನ್ನದು 3.5 ಟನ್ನಿನ ಪ್ಯಾನೆಲ್ ವ್ಯಾನ್. ಹಿಂಭಾಗ ಪೂರ್ತಿ ಮುಚ್ಚಿದೆ, ಆದ್ದರಿಂದ ಕ್ಯಾಬಿನ್ ಒಳಗಿನ ಕನ್ನಡಿ ಇಲ್ಲ. ಒಂದು ದಿಕ್ಕಿಗೆ ಎರಡೇ ಲೇನ್ ಇರುವ ಹೈವೇಗಳಲ್ಲಿ ಓಡಾಟ ಜಾಸ್ತಿ. ಕಾರಿನವರಿಗೆ ಹೇಳುವ ಮಾತುಗಳು ಈ ಗಾಡಿಗೆ ಅರ್ಧಂಬರ್ಧ ಹೊಂದುತ್ತವೆ. ಅದಕ್ಕೇ ದೊಡ್ಡ ಗಾಡಿಯವರನ್ನು ಕೇಳುತ್ತಿದ್ದೇನೆ.

ಓವರ್‌ಟೇಕ್ ಮಾಡಲು ಬಂದ ಲಾರಿ ಮುಂದೆಯೂ ಹೋಗದೆ ಹಿಂದೆಯೂ ಸರಿಯದೆ ಪಕ್ಕದಲ್ಲೇ ಉಳಿದರೆ ನಾನು ವೇಗ ಇಳಿಸಬೇಕಾ, ಇದ್ದ ವೇಗದಲ್ಲೇ ಹೋಗಬೇಕಾ? ನಾನು ಲಾರಿಯನ್ನು ದಾಟಿದ ಮೇಲೆ ಎಷ್ಟು ದೂರ ಬಿಟ್ಟು ಅದರ ಲೇನಿಗೆ ವಾಪಸ್ ಬರಬೇಕು, ಬರೀ ಬಾಗಿಲ ಕನ್ನಡಿಯಲ್ಲಿ ಅದನ್ನು ಅಳೆಯುವುದು ಹೇಗೆ? ಲೈಟ್ ಮಿಣುಕಿಸಿದರೆ, ಇಂಡಿಕೇಟರ್ ಹಾಕಿದರೆ ಏನರ್ಥ? ಇನ್ನೊಂದು, ಹೈವೇಗೆ ಸೇರುವ ರ‍್ಯಾಂಪಿನಿಂದ ಗಾಡಿ ಬರುವಾಗ ಲೇನ್ ಬಿಟ್ಟುಕೊಡಲೇಬೇಕಾ?

—

ಹದಿನೆಂಟು_ಚಕ್ರ:

ಮೊದಲ ಪ್ರಶ್ನೆಗೆ ನನ್ನ ಉತ್ತರ: ಬಿಡಿ. ಬ್ರೇಕ್ ಬೇಡ, ಎಕ್ಸಲೇಟರ್‌ನಿಂದ ಕಾಲು ಸ್ವಲ್ಪ ಎತ್ತಿದರೆ ಸಾಕು. ಯಾಕೆ ಅಂತ ಲೆಕ್ಕ ಹಾಕೋಣ.

16 ಮೀಟರ್ ಉದ್ದದ ಎರಡು ಲಾರಿ. ಹಿಂದಿನದು 80ರಲ್ಲಿ, ಮುಂದಿನದು 77ರಲ್ಲಿ. ಹಿಂದೆ 30 ಮೀಟರ್ ಅಂತರದಿಂದ ಹೊರಟು, ದಾಟಿದ ಮೇಲೆ 30 ಮೀಟರ್ ಬಿಟ್ಟು ಲೇನಿಗೆ ಬರಬೇಕು ಅಂದರೆ ಒಟ್ಟು 92 ಮೀಟರ್ ಗಳಿಸಬೇಕು. ಗಂಟೆಗೆ 3 ಕಿಲೋಮೀಟರ್ ವ್ಯತ್ಯಾಸ ಅಂದರೆ ಸೆಕೆಂಡಿಗೆ 83 ಸೆಂಟಿಮೀಟರ್ ಮಾತ್ರ. ಹಾಗಾಗಿ 110 ಸೆಕೆಂಡ್ ಬೇಕು, ಅಷ್ಟರಲ್ಲಿ ಸುಮಾರು ಎರಡೂವರೆ ಕಿಲೋಮೀಟರ್ ರಸ್ತೆ ಮುಗಿದಿರುತ್ತದೆ. ಅಷ್ಟೂ ದೂರ ಎರಡೂ ಲೇನ್ ಬಂದ್. ಹಿಂದೆ ಸಾಲು ಬೆಳೆಯುತ್ತದೆ, ಯಾರೋ ಒಬ್ಬರು ತಾಳ್ಮೆ ಕಳೆದುಕೊಂಡು ರಸ್ತೆಯಂಚಿನ ಶೋಲ್ಡರ್ ಮೇಲೆ ನುಗ್ಗುತ್ತಾರೆ.

ಈಗ ಒಳಗಿನ ಲೇನಿನ, ಅಂದರೆ ಮುಂದಿದ್ದ ಲಾರಿಯವರು 77ರಿಂದ 72ಕ್ಕೆ ಇಳಿದರು ಅನ್ನಿ. ಅದೇ ಕೆಲಸ 41 ಸೆಕೆಂಡಿನಲ್ಲಿ, ಒಂದು ಕಿಲೋಮೀಟರ್ ಒಳಗೆ ಮುಗಿಯುತ್ತದೆ. ಕಾಲೆತ್ತಿದವರು ಕಳೆದುಕೊಂಡದ್ದು ಹೆಚ್ಚೆಂದರೆ 60 ಮೀಟರ್, ಅಂದರೆ ಮೂರು ಸೆಕೆಂಡ್.

ಎರಡೂ ಗಾಡಿಗೆ 80 ಮೀರದಂತೆ ತಡೆಯುವ ಲಿಮಿಟರ್ ಇದ್ದರೂ ವೇಗ ಬೇರೆಯಾಗುವುದು ಹೇಗೆ ಅಂತ ಕೆಲವರು ಕೇಳುತ್ತಾರೆ. ಟೈರು ಒಂದು ಕಾರಣ. ಸುಮಾರು ಒಂದು ಮೀಟರ್ ವ್ಯಾಸದ ಟೈರಿನಲ್ಲಿ ರಸ್ತೆಗೆ ತಾಗುವ ಪದರ 12 ಮಿಲಿಮೀಟರ್ ಸವೆದರೆ ವ್ಯಾಸ 24 ಮಿಲಿಮೀಟರ್ ಕಡಿಮೆಯಾಗುತ್ತದೆ. ಲಿಮಿಟರ್ ಎಣಿಸುವುದು ಸುತ್ತುಗಳನ್ನು, ರಸ್ತೆಯನ್ನಲ್ಲ. ಸರಿಹೊಂದಿಸದೆ ಬಿಟ್ಟರೆ ಹಳೇ ಟೈರಿನ ಗಾಡಿ ಹೊಸದಕ್ಕಿಂತ ಗಂಟೆಗೆ ಎರಡು ಕಿಲೋಮೀಟರ್ ಹಿಂದೆ ಬೀಳುತ್ತದೆ. ಮುಂದಿನವರು ಬೇಕಂತಲೇ ಅಡ್ಡ ಹಾಕುತ್ತಿದ್ದಾರೆ ಅಂತ ತಿಳಿಯಬೇಡಿ, ಬಹಳ ಸಲ ಅವರ ಗಾಡಿ ಅಷ್ಟೇ ಓಡುವುದು.

ಓವರ್‌ಟೇಕ್‌ಗೆ ಹೊರಗಿನ ಲೇನಿಗೆ ಬಂದವರಿಗೂ ಜವಾಬ್ದಾರಿ ಇದೆ. ವ್ಯತ್ಯಾಸ ಗಂಟೆಗೆ 8-10 ಕಿಲೋಮೀಟರ್ ಇಲ್ಲದಿದ್ದರೆ ಎರಡು ಲೇನಿನ ರಸ್ತೆಯಲ್ಲಿ ಹೊರಗೆ ಬರಲೇಬಾರದು. ಮುಂದೆ ಏರು ಕಾಣುತ್ತಿದ್ದು ನಿಮ್ಮ ಗಾಡಿಯಲ್ಲಿ ಲೋಡ್ ಇದ್ದರೆ ಇನ್ನೂ ಬೇಡ. ಅರ್ಧ ನಿಮಿಷ ಕಳೆದರೂ ಮುಂದಿನ ಗಾಡಿಯ ಕ್ಯಾಬಿನ್ ಹತ್ತಿರವಾಗದಿದ್ದರೆ ಹಟ ಬಿಟ್ಟು ಹಿಂದೆ ಸರಿಯಿರಿ. ಆಗ ಒಳಗಿನವರು ವೇಗ ಇಳಿಸಬಾರದು, ಇಬ್ಬರೂ ಒಟ್ಟಿಗೆ ಇಳಿಸಿದರೆ ಮತ್ತೆ ಅಕ್ಕಪಕ್ಕವೇ ಉಳಿಯುತ್ತೀರಿ. ಹೊರಗಿನ ಗಾಡಿಯ ಮೂತಿ ನಿಮ್ಮ ಬಾಗಿಲ ಮಟ್ಟಕ್ಕೆ ಬಂದಿದ್ದರೆ ಕಾಲೆತ್ತಿ. ಇನ್ನೂ ನಿಮ್ಮ ಹಿಂದಿನ ಚಕ್ರದ ಹತ್ತಿರವೇ ಇದ್ದರೆ ಇದ್ದ ವೇಗ ಹಿಡಿದಿರಿ, ಅವರು ತೀರ್ಮಾನಿಸಲಿ. ಯಾವ ಕಾರಣಕ್ಕೂ ಆಗ ವೇಗ ಹೆಚ್ಚಿಸಬೇಡಿ.

ದಾಟಿ ಹೋದ ಲಾರಿಯ ಬಾಲ ನಿಮ್ಮನ್ನು ಕಳೆದು ಸಾಕಷ್ಟು ಜಾಗ ಆಯಿತು ಅಂದಾಗ ಹೆಡ್‌ಲೈಟ್ ಒಂದು ಸಲ ಮಿಣುಕಿಸಿ. 16 ಮೀಟರ್ ಹಿಂದಿನ ಅಂತರವನ್ನು ಕನ್ನಡಿಯಲ್ಲಿ ಅಳೆಯುವವರಿಗೆ ಅದು ದೊಡ್ಡ ಸಹಾಯ.

—

ಡಬಲ್_ಡಿಕ್ಲಚ್:

ಎರಡನೇ ಪ್ರಶ್ನೆ ಹಿಡೀತೀನಿ. ವ್ಯಾನಿನವರಿಂದ ಹೆಚ್ಚು ತೊಂದರೆ ಆಗೋದು ಅಲ್ಲೇ.

ಕಾರಿನವರಿಗೆ ಒಳಗಿನ ಕನ್ನಡಿಯಲ್ಲಿ ಲಾರಿಯ ಎರಡೂ ಹೆಡ್‌ಲೈಟ್ ಕಂಡರೆ ಬರಬಹುದು ಅಂತ ಹೇಳ್ತಾರೆ. ನಿಮಗೆ ಆ ಕನ್ನಡಿ ಇಲ್ಲ. ಬಾಗಿಲ ಕನ್ನಡಿಯಲ್ಲಿ ಎರಡು ತುಂಡು ಇದ್ದರೆ ಕೆಳಗಿನ ವೈಡ್ ಆಂಗಲ್ ಗಾಜನ್ನು ದೂರ ಅಳೆಯೋಕೆ ಬಳಸಲೇಬೇಡಿ. ಅದು ಉಬ್ಬುಗನ್ನಡಿ, ಹತ್ತಿರದ ಲಾರಿಯನ್ನೂ ದೂರ ತೋರಿಸುತ್ತೆ. ಪಕ್ಕದಲ್ಲಿ ಯಾರೂ ಅಡಗಿಲ್ಲ ಅಂತ ನೋಡೋಕೆ ಮಾತ್ರ ಅದು. ಮೇಲಿನ ದೊಡ್ಡ ಗಾಜಿನಲ್ಲಿ ಲಾರಿಯ ಮುಂಭಾಗ ಪೂರ್ತಿ, ಬಂಪರ್ ಕೆಳಗಿನ ರಸ್ತೆ ಸಮೇತ ಕಾಣಬೇಕು. ಅದೊಂದೇ ಸಾಲದು, ಸೆಕೆಂಡೂ ಎಣಿಸಿ.

ಎಷ್ಟು ಎಣಿಸಬೇಕು? ನೀವು 100, ಲಾರಿ 80 ಅಂದರೆ ಸೆಕೆಂಡಿಗೆ ಐದೂವರೆ ಮೀಟರ್ ದೂರ ಆಗ್ತೀರಿ. ಲಾರಿಗೆ ಕನಿಷ್ಠ ಎರಡು ಸೆಕೆಂಡಿನ ಅಂತರ, ಅಂದರೆ 45 ಮೀಟರ್ ಬಿಡಬೇಕಾದರೆ ನಿಮ್ಮ ಹಿಂಬಂಪರ್ ಅದರ ಮೂತಿ ದಾಟಿದ ಮೇಲೆ ಎಂಟು ಸೆಕೆಂಡ್ ಬೇಕು. ಹೆಚ್ಚಿನವರು ಎರಡು-ಮೂರಕ್ಕೇ ಕಟ್ ಹೊಡೀತಾರೆ, ಅಂದರೆ 10-15 ಮೀಟರ್. ಲಾರಿ ಕ್ಯಾಬಿನ್ ಮೂತಿಯ ಕೆಳಗೆ ಕೆಲವು ಮೀಟರ್ ಚಾಲಕರಿಗೆ ಕಾಣಿಸೋದೇ ಇಲ್ಲ. ಈಗಿನ ಗಾಡಿಗಳಲ್ಲಿ ಮುಂದೆ ರಾಡಾರ್ ಇದ್ದರೆ ಇನ್ನೊಂದು ತೊಂದರೆ: ನೀವು ಹತ್ತಿರ ನುಗ್ಗಿದ ಕೂಡಲೇ ಮುಂದಿನ ಗಾಡಿಯ ಅಂತರ ನೋಡಿ ವೇಗ ಹಿಡಿಯುವ ಅಡಾಪ್ಟಿವ್ ಕ್ರೂಸ್ ತಾನೇ ಬ್ರೇಕ್ ಹಾಕಬಹುದು, ಹಿಂದಿನವರಿಗೆ ಯಾಕೆ ಅಂತ ಗೊತ್ತಾಗೋದೇ ಇಲ್ಲ.

ಲೇನಿಗೆ ಬಂದು ಕೂಡಲೇ ನಿಧಾನ ಮಾಡೋದು ಅದಕ್ಕಿಂತ ಕೆಟ್ಟದ್ದು. ಲಾರಿಯವರು 80ರಲ್ಲಿ ಮೂರು ಸೆಕೆಂಡ್ ಲೆಕ್ಕದಲ್ಲಿ ಮುಂದಿನ ಗಾಡಿಯಿಂದ 67 ಮೀಟರ್ ಬಿಟ್ಟಿರ್ತಾರೆ. ಅದು ಖಾಲಿ ಜಾಗ ಅಂತ ನಿಮ್ಮ 6 ಮೀಟರ್ ವ್ಯಾನ್ ನಡುವೆ ತೂರಿಸಿದರೆ ಅವರಿಗೆ ಉಳಿಯೋದು 30 ಮೀಟರ್, ಒಂದೂವರೆ ಸೆಕೆಂಡಿಗಿಂತ ಕಡಿಮೆ. ಏರ್ ಬ್ರೇಕ್ ಪೆಡಲ್ ಒತ್ತಿದ ಮೇಲೆ ಗಾಳಿ ಹೋಗಿ ಚಕ್ರ ಹಿಡಿಯೋಕೇ ಸುಮಾರು ಅರ್ಧ ಸೆಕೆಂಡ್, 80ರಲ್ಲಿ ಅದು 11 ಮೀಟರ್. ಅಂತರ ಮತ್ತೆ ಮಾಡಿಕೊಳ್ಳೋಕೆ ಅವರು 75ಕ್ಕೆ ಇಳಿದು ಅರ್ಧ ನಿಮಿಷ ಓಡಬೇಕು. ಅಷ್ಟರಲ್ಲಿ ಇನ್ನೊಬ್ಬರು ತೂರಿರ್ತಾರೆ. ಮುಂದೆ ಜಾಗ ಇಲ್ಲ ಅಂತ ಕಂಡರೆ ಲಾರಿಯ ಹಿಂದೆಯೇ ಇರಿ.

ಗಾಳಿ ವಿಷಯ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಎತ್ತರದ ವ್ಯಾನ್ ಖಾಲಿ ಇದ್ದಾಗ ಲಾರಿ ಪಕ್ಕ ಹೋದರೆ ಮೊದಲು ಒಳಕ್ಕೆ ಎಳೆಯುತ್ತೆ, ಅದರ ಮೂತಿ ದಾಟುವಾಗ ಹೊರಕ್ಕೆ ತಳ್ಳುತ್ತೆ. ಲಾರಿ ಕಡೆಯಿಂದ ಅಡ್ಡಗಾಳಿ ಬೀಸ್ತಿದ್ದರೆ ಲಾರಿಯ ಮರೆಯಿಂದ ಹೊರಬಂದ ಕ್ಷಣದಲ್ಲಿ ಒಮ್ಮೆಲೇ ಹೊಡೆಯುತ್ತೆ. ಎರಡೂ ಕೈ ಸ್ಟೀರಿಂಗ್ ಮೇಲಿರಲಿ, ನಿಮ್ಮ ಲೇನಿನ ಹೊರಗಿನ ಅರ್ಧದಲ್ಲಿ ಹೋಗಿ, ಪಕ್ಕದಲ್ಲಿ ಸುಮ್ಮನೆ ತೇಲ್ತಾ ಇರಬೇಡಿ. ಮಳೆಯಲ್ಲಾದರೆ ನೀರಿನ ಮೋಡದೊಳಗೆ ಹೋಗೋ ಮೊದಲೇ ವೈಪರ್ ಜೋರು ಮಾಡಿ, ಒಳಗೆ ಹೋದ ಮೇಲೆ ಹುಡುಕೋದಲ್ಲ.

—

ಕನ್ನಡಿ_ಮೊದಲು:

@ಹದಿನೆಂಟು_ಚಕ್ರ ಅಣ್ಣ, ಲೆಕ್ಕ ಎಲ್ಲಾ ಸರಿ. ಲೈಟ್ ಮಿಣುಕಿಸುವ ವಿಷಯದಲ್ಲಿ ಮಾತ್ರ ನನ್ನದು ಬೇರೆ ಅಭಿಪ್ರಾಯ.

ಒಂದೇ ಮಿಣುಕಿಗೆ "ನೀವು ಬನ್ನಿ" ಅಂತಲೂ ಅರ್ಥ, "ನಾನು ಬರ್ತಿದ್ದೀನಿ, ನಿಲ್ಲಿ" ಅಂತಲೂ ಅರ್ಥ. ಕೊಟ್ಟವರ ಮನಸ್ಸಿನಲ್ಲಿ ಒಂದು, ಕಂಡವರ ಮನಸ್ಸಿನಲ್ಲಿ ಇನ್ನೊಂದು. ದಾಟಿ ಹೋದ ಲಾರಿಗೆ ಹಿಂದಿನಿಂದ ಕೊಡುವುದರಲ್ಲಿ ಗೊಂದಲ ಕಡಿಮೆ, ಅಷ್ಟಕ್ಕೆ ಒಪ್ಪುತ್ತೇನೆ. ಆದರೆ ಅಡ್ಡರಸ್ತೆಯಲ್ಲಿ ಕಾಯುತ್ತಿರುವವರಿಗೆ, ಎದುರಿನಿಂದ ತಿರುಗಲು ನಿಂತವರಿಗೆ ಲೈಟ್ ಕೊಟ್ಟು ಕರೆಯಬೇಡಿ. ನಿಮ್ಮ ಪಕ್ಕದ ಲೇನಿನಲ್ಲಿ ಬರುತ್ತಿರುವ ಬೈಕು ಅವರಿಗೆ ಕಾಣುವುದಿಲ್ಲ, ನಿಮ್ಮ ಗಾಡಿಯೇ ಅದನ್ನು ಮುಚ್ಚಿರುತ್ತದೆ.

ಎರಡೂ ದಿಕ್ಕಿನ ಗಾಡಿಗಳು ಒಂದೇ ರಸ್ತೆಯಲ್ಲಿ ಓಡುವ ಕಡೆ ಮುಂದಿನ ಲಾರಿ ಇಂಡಿಕೇಟರ್ ಹಾಕಿ "ದಾಟಿ ಹೋಗಿ" ಅನ್ನುವುದು ಇನ್ನೂ ಅಪಾಯ. ಅವರು ನಿಜವಾಗಿ ಆ ಕಡೆಗೇ ತಿರುಗುತ್ತಿರಬಹುದು. ಹಾಗಾಗಿ ಅದನ್ನು ಕೊಡಲೂಬೇಡಿ, ನಂಬಲೂಬೇಡಿ. ಎದುರು ರಸ್ತೆ ನಿಮ್ಮ ಕಣ್ಣಿಗೆ ಕಾಣದಿದ್ದರೆ ಓವರ್‌ಟೇಕ್ ಇಲ್ಲ. ಜಾಗ ಕೊಡುವ ಮನಸ್ಸಿದ್ದರೆ ಅಂಚಿಗೆ ಸರಿದು ವೇಗ ಇಳಿಸಿದರೆ ಸಾಕು.

ರಾತ್ರಿ ದಾಟಿ ಹೋದವರಿಗೆ ಹೈಬೀಮ್ ಹೊಡೆಯಬೇಡಿ, ಅವರ ಎರಡೂ ಕನ್ನಡಿ ಬೆಳ್ಳಗಾಗಿ ಕೆಲವು ಸೆಕೆಂಡ್ ಏನೂ ಕಾಣುವುದಿಲ್ಲ. ಧನ್ಯವಾದಕ್ಕೆ ಪಾರ್ಕಿಂಗ್ ಲೈಟಾಗಲಿ, ಎಲ್ಲ ಇಂಡಿಕೇಟರ್ ಒಟ್ಟಿಗೆ ಮಿಣುಕುವ ಹಜಾರ್ಡ್ ಆಗಲಿ ಒಂದೆರಡು ಮಿಣುಕು ಸಾಕು. ಎಡಬಲ ಇಂಡಿಕೇಟರ್ ಬದಲಿಸಿ ಹಾಕುವವರೂ ಇದ್ದಾರೆ, ಹಿಂದಿನವರು ಅದನ್ನು ಲೇನ್ ಬದಲಾವಣೆ ಅಂದುಕೊಳ್ಳುವ ಸಾಧ್ಯತೆ ಇರುವುದರಿಂದ ನನಗೆ ಸರಿ ಕಾಣುವುದಿಲ್ಲ. ಹಜಾರ್ಡ್ ಹಾಕಿಕೊಂಡೇ ಮಳೆಯಲ್ಲಿ ಓಡಿಸುವುದೂ ಬೇಡ. ಬಹಳಷ್ಟು ಗಾಡಿಗಳಲ್ಲಿ ಹಜಾರ್ಡ್ ಉರಿಯುವಾಗ ಇಂಡಿಕೇಟರ್ ಕೆಲಸ ಮಾಡುವುದಿಲ್ಲ. ಮುಂದೆ ಸಾಲು ಒಮ್ಮೆಲೇ ನಿಂತಿದ್ದರೆ ಹಾಕಿ, ಹಿಂದಿನವರು ಕನ್ನಡಿಯಲ್ಲಿ ನಿಧಾನವಾಗುವುದು ಕಂಡ ಮೇಲೆ ಆರಿಸಿ.

—

ಹದಿನೆಂಟು_ಚಕ್ರ:

ರಾತ್ರಿ ಹೈಬೀಮ್ ಬಗ್ಗೆ ನೀವು ಹೇಳಿದ್ದು ಸರಿ, ನಾನು ಬಿಡಿಸಿ ಹೇಳಬೇಕಿತ್ತು. ರಾತ್ರಿ ಲೋಬೀಮ್ ಅನ್ನೇ ಕ್ಷಣ ಆರಿಸಿ ಹಾಕುವವರಿದ್ದಾರೆ, ಆದರೆ ಬೀದಿದೀಪ ಇಲ್ಲದ ಕಡೆ ಅದೂ ಬೇಡ.

—

ವ್ಯಾನ್_ಸಾರಥಿ:

ತುಂಬಾ ಉಪಕಾರ ಆಯ್ತು. ಎಂಟು ಸೆಕೆಂಡ್ ಅಂತ ಯಾರೂ ಹೇಳಿರಲಿಲ್ಲ. ರ‍್ಯಾಂಪಿನ ಪ್ರಶ್ನೆ ಉಳಿದಿದೆ. ಜೊತೆಗೆ ಇದನ್ನೂ ಹೇಳಿ: ಏರಿನಲ್ಲಿ ಲಾರಿಯ ಮುಂದೆ ಇರುವುದು ಒಳ್ಳೆಯದಾ, ಹಿಂದೆಯಾ?

—

ಏರುಗೇರ್:

ಸಾಮಾನ್ಯವಾಗಿ ರ‍್ಯಾಂಪಿನಿಂದ ಬರುವವರೇ ಜಾಗ ನೋಡಿಕೊಂಡು ಸೇರಬೇಕು. ಮುಖ್ಯ ರಸ್ತೆಯವರು ಲೇನ್ ಬಿಡುವುದು ಸೌಜನ್ಯ, ಪಕ್ಕದ ಲೇನ್ ನಿಜವಾಗಿ ಖಾಲಿ ಇದ್ದಾಗ ಮಾತ್ರ. ಕನ್ನಡಿ, ಇಂಡಿಕೇಟರ್, ಕನಿಷ್ಠ ಮೂರು ಸೆಕೆಂಡ್, ಮತ್ತೆ ಕನ್ನಡಿ, ಆಮೇಲೆ ಸ್ಟೀರಿಂಗ್. ಒಬ್ಬರಿಗೆ ಜಾಗ ಕೊಡಲು ಹೋಗಿ 120ರಲ್ಲಿ ಬರುತ್ತಿರುವ ಕಾರಿಗೆ ಅಡ್ಡ ಹೋಗಬಾರದು.

ಪಕ್ಕದ ಲೇನ್ ಖಾಲಿ ಇಲ್ಲದಿದ್ದರೆ ರ‍್ಯಾಂಪ್ ಇನ್ನೂ 400-500 ಮೀಟರ್ ದೂರ ಇರುವಾಗಲೇ ವೇಗ 5 ಕಿಲೋಮೀಟರ್ ಇಳಿಸಿ. 15 ಸೆಕೆಂಡಿನಲ್ಲಿ 20 ಮೀಟರ್ ಜಾಗ ತಾನಾಗಿ ಆಗುತ್ತದೆ, ಹಿಂದಿನವರಿಗೆ ಗೊತ್ತೂ ಆಗುವುದಿಲ್ಲ. ಸೇರುವ ಜಾಗಕ್ಕೆ ಬಂದ ಮೇಲೆ ವೇಗ ಬದಲಿಸಬೇಡಿ. ಅವರು ನಿಮ್ಮ ವೇಗ ನೋಡಿಯೇ ಮುಂದೆ ಸೇರುವುದೋ ಹಿಂದೆ ಸೇರುವುದೋ ಅಂತ ತೀರ್ಮಾನಿಸುತ್ತಿರುತ್ತಾರೆ. ನೀವೂ ಇಳಿಸಿ ಅವರೂ ಇಳಿಸಿದರೆ ಅವರ ಲೇನ್ ಮುಗಿಯುತ್ತದೆ. ಸೇರುತ್ತಿರುವುದು ಲೋಡ್ ಲಾರಿಯಾದರೆ ಅದರ ಪಕ್ಕದಲ್ಲಿ ಉಳಿಯಬೇಡಿ, ಎತ್ತರದ ಕ್ಯಾಬಿನ್ ಪಕ್ಕದಲ್ಲಿ ವ್ಯಾನ್ ಕೂಡ ಮರೆಯಾಗಬಹುದು. ನೀವೇ ಸೇರುವಾಗ ಪಿಕಪ್ ಪೂರ್ತಿ ಬಳಸಿ ರ‍್ಯಾಂಪ್ ಮುಗಿಯುವುದರೊಳಗೆ 80 ಮುಟ್ಟಿ. ತುದಿಯಲ್ಲಿ ಬ್ರೇಕ್ ಹಿಡಿದು ನಿಂತರೆ ಸೊನ್ನೆಯಿಂದ ಸೇರಬೇಕಾಗುತ್ತದೆ.

ಏರಿಗೆ ಬಂದರೆ, 40 ಟನ್ ಒಟ್ಟು ತೂಕ, 400 ಅಶ್ವಶಕ್ತಿಯ ಎಂಜಿನ್ ಇರುವ ಗಾಡಿ ನೂರು ಮೀಟರಿಗೆ ಐದು ಮೀಟರ್ ಏರುವ ಉದ್ದ ಏರಿನಲ್ಲಿ ಗಂಟೆಗೆ 50 ಕಿಲೋಮೀಟರ್ ಕೂಡ ಹಿಡಿದಿರಲಾರದು. ಏರಿನ ಬುಡದಲ್ಲಿ ಇರುವ ಓಟವೇ ಅದರ ಬಂಡವಾಳ. ಅಲ್ಲಿ ನೀವು ಮುಂದೆ ತೂರಿ ಬ್ರೇಕ್ ಮುಟ್ಟಿದರೆ ಅದು ಎರಡು ಗೇರ್ ಕೆಳಗಿಳಿಯುತ್ತದೆ, ತುದಿ ಮುಟ್ಟುವವರೆಗೆ ಆ ವೇಗ ವಾಪಸ್ ಬರುವುದಿಲ್ಲ. ಹಿಂದಿರುವ ಸಾಲಿಗೂ ಅದೇ ಗತಿ. ಆದ್ದರಿಂದ ದಾಟುವುದಿದ್ದರೆ ಏರು ಶುರುವಾಗುವುದಕ್ಕೆ ಬಹಳ ಮೊದಲೇ ದಾಟಿ, ಇಲ್ಲವೇ ಏರಿನಲ್ಲಿ ಅದು ನಿಧಾನವಾದ ಮೇಲೆ ದಾಟಿ. ಏರಿಗೆಂದು ಹೆಚ್ಚುವರಿ ಲೇನ್ ಇದ್ದರೆ ಅದು ಮುಗಿಯುವ ಕೊನೇ 300 ಮೀಟರಿನಲ್ಲಿ ಹೊಸ ಓವರ್‌ಟೇಕ್ ಶುರು ಮಾಡಬೇಡಿ.

ಇಳಿಜಾರಿನಲ್ಲಿ ಇದಕ್ಕಿಂತ ಹುಷಾರು ಬೇಕು. ಲೋಡ್ ಗಾಡಿ ಕೆಳ ಗೇರಿನಲ್ಲಿ, ಚಕ್ರದ ಬ್ರೇಕ್ ಬಳಸದೆ ವೇಗ ತಡೆಯುವ ಎಗ್ಸಾಸ್ಟ್ ಬ್ರೇಕ್ ಅಥವಾ ರಿಟಾರ್ಡರ್ ಮೇಲೆ ಒಂದೇ ವೇಗ ಹಿಡಿದು ಇಳಿಯುತ್ತಿರುತ್ತದೆ. ಕಾಲುಬ್ರೇಕನ್ನು ಉಳಿಸಿಕೊಳ್ಳಲೆಂದೇ ಹಾಗೆ ಮಾಡುವುದು. ನೀವು ಮುಂದೆ ಹೋಗಿ ತಿರುವು ತಿರುವಿಗೂ ನಿಧಾನ ಮಾಡಿದರೆ ಅವರು ಮತ್ತೆ ಮತ್ತೆ ಕಾಲುಬ್ರೇಕ್ ಹಿಡಿಯಬೇಕು. ಬ್ರೇಕ್ ಡ್ರಮ್ ಬಿಸಿಯೇರುತ್ತದೆ, ಅದಕ್ಕೆ ಉಜ್ಜುವ ಲೈನರ್ ಹಿಡಿತ ಕಳೆದುಕೊಳ್ಳುತ್ತದೆ, ಪೆಡಲ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಆಗ ಅದರ ಮುಂದಿರುವುದು ನಿಮ್ಮ ವ್ಯಾನ್. ಇಳಿಜಾರಿನಲ್ಲಿ ಲಾರಿಯ ಹಿಂದೆ ಇರಿ, ಮೂರು-ನಾಲ್ಕು ಸೆಕೆಂಡ್ ಬಿಟ್ಟು, ಅದರ ಬಾಗಿಲ ಕನ್ನಡಿ ನಿಮಗೆ ಕಾಣುವ ಹಾಗೆ. ನಿಮಗೆ ಅವರ ಕನ್ನಡಿ ಕಾಣದಿದ್ದರೆ ಅವರಿಗೂ ನೀವು ಕಾಣುವುದಿಲ್ಲ.

—

ಡಬಲ್_ಡಿಕ್ಲಚ್:

ಲೇನ್ ಮುಚ್ಚಿದ ಜಾಗದ ಬಗ್ಗೆ ಒಂದು ಮಾತು. ಸಾಲು ತೆವಳ್ತಾ ಇದ್ದರೆ ಎರಡೂ ಲೇನನ್ನು ಕೊನೆವರೆಗೆ ಬಳಸಿ, ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ಸೇರಲಿ. ಕೆಲವು ಲಾರಿಯವರು ಎರಡೂ ಲೇನಿಗೆ ಅಡ್ಡ ನಿಂತು ಯಾರೂ ಮುಂದೆ ಹೋಗದ ಹಾಗೆ ಮಾಡ್ತಾರೆ. ಅದರಿಂದ ಸಾಲು ಉದ್ದ ಆಗಿ ಹಿಂದಿನ ರ‍್ಯಾಂಪೂ ಕಟ್ಟಿಕೊಳ್ಳುತ್ತೆ, ದಯವಿಟ್ಟು ಬೇಡ. ಗಾಡಿಗಳು ಪೂರ್ತಿ ವೇಗದಲ್ಲಿ ಓಡ್ತಿದ್ದರೆ ಮಾತ್ರ ಬೋರ್ಡ್ ಕಂಡ ಕೂಡಲೇ ಸಿಕ್ಕ ಮೊದಲ ಜಾಗದಲ್ಲಿ ಸೇರಿಬಿಡಿ.