ಬೈಲಕುಪ್ಪೆಯ ಟಿಬೆಟಿಯನ್ ಕುಟುಂಬ: ಮಗಳ ಪೌರತ್ವಕ್ಕೆ ಯಾವ ದಾಖಲೆ ಬೇಕು?

ಪ್ರಶ್ನೆ:
ತಂದೆ 1979ರಲ್ಲಿ ಬೈಲಕುಪ್ಪೆಯಲ್ಲಿ ಹುಟ್ಟಿದವರು, ತಾಯಿ ಟಿಬೆಟ್‌ನಲ್ಲಿ. ಮಗಳು ಹುಟ್ಟಿದ್ದು 2001ರಲ್ಲಿ, ಮೈಸೂರಿನಲ್ಲಿ. ಮೂವರ ಬಳಿಯೂ ಆರ್‌ಸಿ (ಟಿಬೆಟಿಯನ್ನರಿಗೆ ವಿದೇಶಿಯರೆಂದು ಸರ್ಕಾರ ಕೊಡುವ ನೋಂದಣಿ ಪ್ರಮಾಣಪತ್ರ) ಇದೆ. ಮಗಳು ಭಾರತದ ಪ್ರಜೆಯೇ? ತಂದೆಯ ಜನನ ನೋಂದಣಿಯೇ ಆಗಿಲ್ಲ.

ಉತ್ತರ 1:
ಹೌದು, ಪ್ರಜೆಯೇ. 1955ರ ಪೌರತ್ವ ಕಾಯ್ದೆಯ 3ನೇ ಕಲಮಿನ ಪ್ರಕಾರ 26 ಜನವರಿ 1950ರಿಂದ 30 ಜೂನ್ 1987ರವರೆಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಹೀಗಾಗಿ ತಂದೆ ಅರ್ಜಿ ಹಾಕಿ ಪೌರತ್ವ ಪಡೆಯಬೇಕಿಲ್ಲ. ಆರ್‌ಸಿ ಇದ್ದ ಮಾತ್ರಕ್ಕೆ ಅದು ಹೋಗುವುದಿಲ್ಲವೆಂದು ದೆಹಲಿ ಹೈಕೋರ್ಟ್ 2010ರಲ್ಲೇ ಹೇಳಿದೆ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅದೇ ದಾರಿ ಹಿಡಿಯಿತು. 1 ಜುಲೈ 1987ರಂದು ಅಥವಾ ನಂತರ, 3 ಡಿಸೆಂಬರ್ 2004ಕ್ಕಿಂತ ಮೊದಲು ಹುಟ್ಟಿದ ಮಗುವಿಗೆ ತಂದೆ ತಾಯಿಯರಲ್ಲಿ ಒಬ್ಬರು ಪ್ರಜೆಯಾಗಿದ್ದರೆ ಸಾಕು.

ಉತ್ತರ 2:
ಕಾನೂನು ಸರಿ, ಆದರೆ ಇಡೀ ಪ್ರಕರಣ ನಿಂತಿರುವುದು ತಂದೆಯ ಜನನ ದಾಖಲೆಯ ಮೇಲೆ. ಮಗಳ ಜನನ ಪ್ರಮಾಣಪತ್ರ ಹುಟ್ಟಿದ ದಿನ, ಊರು, ತಂದೆತಾಯಿಯ ಹೆಸರು ಹೇಳುತ್ತದೆಯೇ ಹೊರತು ಪೌರತ್ವವನ್ನಲ್ಲ. ಒಂದು ವರ್ಷ ಮೀರಿದ ಜನನವನ್ನು ನೋಂದಾಯಿಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. ಮೊದಲು ನೋಂದಣಾಧಿಕಾರಿಯಿಂದ ‘ದಾಖಲೆ ಲಭ್ಯವಿಲ್ಲ’ ಎಂಬ ಪತ್ರ ಪಡೆಯಿರಿ; ಹಳೆಯ ಶಾಲಾ ದಾಖಲಾತಿ, ಆಸ್ಪತ್ರೆಯ ಕಾಗದ ಜೋಡಿಸಿ. ಎಡವುವುದು ಹೆಚ್ಚಾಗಿ ಹೆಸರಿನಲ್ಲೇ: ಆರ್‌ಸಿಯಲ್ಲಿ ಒಂದು ಕಾಗುಣಿತ, ಶಾಲೆಯಲ್ಲಿ ಇನ್ನೊಂದು. ಅರ್ಜಿಗೆ ಮುಂಚೆಯೇ ಸರಿಪಡಿಸಿ.

ಪ್ರಶ್ನೆ ಕೇಳಿದವರು:
2006ರಲ್ಲಿ ಹುಟ್ಟಿದ ಅವಳ ತಮ್ಮನಿಗೂ ಇದೇ ನಿಯಮವೇ?

ಉತ್ತರ 1:
ಇಲ್ಲ. ಅವನ ವಿಷಯದಲ್ಲಿ ತಂದೆ ಪ್ರಜೆಯಾಗಿದ್ದರಷ್ಟೇ ಸಾಲದು. ಅವನು ಹುಟ್ಟಿದಾಗ ತಾಯಿ ಅಕ್ರಮ ವಲಸಿಗರಾಗಿರಬಾರದು. ತಾಯಿ ಭಾರತಕ್ಕೆ ಬಂದಾಗಿನ ಪ್ರವೇಶ ಪತ್ರ, ಆ ವರ್ಷದ ಆರ್‌ಸಿ ನವೀಕರಣದ ಪುಟ ಎರಡನ್ನೂ ಜೋಪಾನವಾಗಿಡಿ.